ಆರೈಕೆಯವರ ಕಲಿಕೆಗೊಂದು ಪಹಣಿ

ಕ್ಯಾಲಿಫೋರ್ನಿಯಾದಲ್ಲಿ ಗಿರಾಕಿಗಳ ಉಗುರು ತಿದ್ದಿ ಬಣ್ಣ ಹಚ್ಚುವ ಕೆಲಸಕ್ಕೆ ಪರವಾನಗಿ ಬೇಕೆಂದರೆ 400 ಗಂಟೆಗಳ ತರಬೇತಿ ಮುಗಿಸಿರಬೇಕು. ಅದೇ ರಾಜ್ಯದ ನರ್ಸಿಂಗ್ ಹೋಮ್‌ಗಳಲ್ಲಿ ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ತುತ್ತು ತಿನ್ನಿಸುವ ನರ್ಸ್ ಏಡ್‌ಗೆ 160 ಗಂಟೆ. ಏಜೆನ್ಸಿಯ ಮೂಲಕ ಮನೆಗೆ ಬಂದು ವೃದ್ಧರನ್ನು ನೋಡಿಕೊಳ್ಳುವ ಹೋಮ್ ಕೇರ್ ಏಡ್‌ಗೆ ಕೆಲಸಕ್ಕೆ ಸೇರುವಾಗ ಐದು ಗಂಟೆ, ಆಮೇಲೆ ವರ್ಷಕ್ಕೆ ಐದು ಗಂಟೆ.

ಈ ಲೆಕ್ಕ ಕೇಳಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಆದರೆ ಅದಕ್ಕಿಂತ ತೊಡಕಿನ ಪ್ರಶ್ನೆ ಇನ್ನೊಂದಿದೆ. ಆ 160 ಗಂಟೆಯನ್ನೋ ಐದು ಗಂಟೆಯನ್ನೋ ಕಲಿತದ್ದಕ್ಕೆ ಸಾಕ್ಷಿ ಎಲ್ಲಿದೆ? ಕಲಿತವಳ ಪರ್ಸಿನಲ್ಲಿರುವ ಕಾಗದದಲ್ಲೋ, ಕಲಿಸಿದ ಶಾಲೆಯ ಕಪಾಟಿನಲ್ಲೋ, ಹಿಂದೆ ಕೆಲಸ ಕೊಟ್ಟಿದ್ದ ಏಜೆನ್ಸಿಯ ಕಡತದಲ್ಲೋ, ಸರ್ಕಾರದ ಕಂಪ್ಯೂಟರಿನಲ್ಲೋ? ಅಮೆರಿಕದಲ್ಲಿ ಇದಕ್ಕೆ ರಾಜ್ಯಕ್ಕೊಂದು, ಹುದ್ದೆಗೊಂದು ಉತ್ತರ. ಎಲ್ಲ ಆರೈಕೆ ಕೆಲಸಗಾರರ ತರಬೇತಿಯನ್ನೂ ಅರ್ಹತೆಯನ್ನೂ ಒಂದೇ ಕಡೆ ದಾಖಲಿಸುವ ಕೇಂದ್ರೀಯ ರಿಜಿಸ್ಟ್ರಿ ಬೇಕು ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಏಳುವುದು ಇದಕ್ಕಾಗಿಯೇ.

ಮೊದಲು ಯಾರ ಬಗ್ಗೆ ಮಾತು ಎಂಬುದು ತಿಳಿಯಾಗಲಿ. ಅಲ್ಲಿ ಇಂಥವರು ಮುಖ್ಯವಾಗಿ ಮೂರು ಬಗೆ. ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ನರ್ಸ್ ಏಡ್‌ಗಳು (ಅಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಸಣ್ಣ ಖಾಸಗಿ ಆಸ್ಪತ್ರೆಯಲ್ಲ, ವೃದ್ಧರೂ ದೀರ್ಘಕಾಲದ ರೋಗಿಗಳೂ ವರ್ಷಗಟ್ಟಲೆ ಇರುವ ಆರೈಕೆ ಕೇಂದ್ರ). ಮನೆಗೆ ಬಂದು ನರ್ಸ್‌ನ ಉಸ್ತುವಾರಿಯಲ್ಲಿ ಸಣ್ಣಪುಟ್ಟ ವೈದ್ಯಕೀಯ ಕೆಲಸವನ್ನೂ ಮಾಡುವ ಹೋಮ್ ಹೆಲ್ತ್ ಏಡ್‌ಗಳು. ಸ್ನಾನ, ಅಡುಗೆ, ಓಡಾಟಕ್ಕೆ ನೆರವಾಗುವ ಪರ್ಸನಲ್ ಕೇರ್ ಏಡ್‌ಗಳು. ಎಲ್ಲ ಸೇರಿ ಸುಮಾರು 50 ಲಕ್ಷ ಮಂದಿ. ಬಹುಪಾಲು ಹೆಂಗಸರು, ವಲಸೆ ಬಂದವರೂ ಬಹಳ. ಮಂಗಳೂರಿನಿಂದ ಬೆಂಗಳೂರಿನವರೆಗೆ ನಾವು ‘ಹೋಮ್ ನರ್ಸ್’ ಎಂದು ಕರೆಯುವವರಿಗೆ ಹತ್ತಿರದ ನಂಟರು ಇವರು.

ಈ ಮೂವರಲ್ಲಿ ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಸರ್ಕಾರದ, ಕಾನೂನು ಕಡ್ಡಾಯ ದಾಖಲೆ ಇಟ್ಟಿರುವುದು ಮೊದಲನೆಯವರದ್ದು ಮಾತ್ರ. ಅದಕ್ಕೊಂದು ಹಿನ್ನೆಲೆಯಿದೆ. ನರ್ಸಿಂಗ್ ಹೋಮ್‌ಗಳಲ್ಲಿ ವೃದ್ಧರನ್ನು ಮಂಚಕ್ಕೆ ಕಟ್ಟಿಹಾಕುವುದು, ಔಷಧ ಕೊಟ್ಟು ಮಂಕಾಗಿಸಿ ಕೂರಿಸುವುದು ಇತ್ಯಾದಿ ಹಗರಣಗಳು ಹೊರಬಂದ ಮೇಲೆ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1986ರಲ್ಲಿ ವರದಿಯೊಂದನ್ನು ಕೊಟ್ಟಿತು. ಮರುವರ್ಷ, ಅಂದರೆ 1987ರ ಡಿಸೆಂಬರ್‌ನಲ್ಲಿ, ಬಜೆಟ್ ಹೊಂದಾಣಿಕೆಯ ದೊಡ್ಡ ಮಸೂದೆಯೊಂದರ ಭಾಗವಾಗಿ ನರ್ಸಿಂಗ್ ಹೋಮ್ ಸುಧಾರಣೆಯ ಕಾನೂನು ಬಂತು. ಅದರ ಪ್ರಕಾರ ನರ್ಸ್ ಏಡ್‌ಗೆ ಕನಿಷ್ಠ 75 ಗಂಟೆಗಳ ತರಬೇತಿ. ಅದರಲ್ಲಿ ಕನಿಷ್ಠ 16 ಗಂಟೆ ಉಸ್ತುವಾರಿಯಡಿ ಕೈಯಾರೆ ಮಾಡಿ ಕಲಿಯಬೇಕು. ಬಳಿಕ ಪರೀಕ್ಷೆ. ಪಾಸಾದವರ ಹೆಸರನ್ನು ಪ್ರತಿ ರಾಜ್ಯವೂ ಒಂದು ರಿಜಿಸ್ಟ್ರಿಯಲ್ಲಿ ಇಡಬೇಕು. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಸಂಸ್ಥೆ ಆ ರಿಜಿಸ್ಟ್ರಿಯನ್ನು ನೋಡಲೇಬೇಕು.

ಈ ರಿಜಿಸ್ಟ್ರಿ ಎಂಥದ್ದು ಎಂದು ತಿಳಿಯಲು ನಮ್ಮ ಪಹಣಿಯನ್ನು ನೆನಪಿಸಿಕೊಂಡರೆ ಸಾಕು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಜಮೀನು ಯಾರದ್ದು ಎಂದಿರುತ್ತದೆ, ಹನ್ನೊಂದನೇ ಕಾಲಂನಲ್ಲಿ ಅದರ ಮೇಲಿನ ಸಾಲ, ಋಣ. ಕೊಳ್ಳಲು ಬಂದವನ ಕಣ್ಣು ಮೊದಲು ಓಡುವುದು ಹನ್ನೊಂದಕ್ಕೆ. ನರ್ಸ್ ಏಡ್ ರಿಜಿಸ್ಟ್ರಿಗೂ ಹಾಗೆಯೇ ಎರಡು ಮುಖ. ಒಂದರಲ್ಲಿ ಈಕೆ ಇಂಥ ದಿನದಿಂದ ಕೆಲಸಕ್ಕೆ ಅರ್ಹಳು ಎಂಬ ಮಾತು. ಇನ್ನೊಂದರಲ್ಲಿ, ಈಕೆ ರೋಗಿಗೆ ಹಿಂಸೆ ಕೊಟ್ಟಿದ್ದಾಳೆ, ನಿರ್ಲಕ್ಷಿಸಿದ್ದಾಳೆ ಅಥವಾ ಅವರ ಸ್ವತ್ತನ್ನು ಲಪಟಾಯಿಸಿದ್ದಾಳೆ ಎಂದು ರಾಜ್ಯ ವಿಚಾರಣೆ ನಡೆಸಿ ತೀರ್ಮಾನಿಸಿದ್ದರೆ ಅದರ ವಿವರ.

ಎರಡು ಕಾಲಂಗಳ ಆಯಸ್ಸು ಮಾತ್ರ ಒಂದೇ ಅಲ್ಲ. ಸತತ 24 ತಿಂಗಳು ಸಂಬಳಕ್ಕೆ ಆರೈಕೆಯ ಕೆಲಸ ಮಾಡದಿದ್ದರೆ ಏಡ್‌ನ ಅರ್ಹತೆ ಬಿದ್ದುಹೋಗುತ್ತದೆ, ರಿಜಿಸ್ಟ್ರಿಯಿಂದ ಹೆಸರೂ ಅಳಿಯುತ್ತದೆ. ಮತ್ತೆ ತರಬೇತಿಯನ್ನೋ ಪರೀಕ್ಷೆಯನ್ನೋ ಎದುರಿಸಬೇಕು. ‘ಸಂಬಳಕ್ಕೆ’ ಎಂಬ ಷರತ್ತು ಬಲು ಕಟುವಾದದ್ದು. ಲಕ್ವ ಹೊಡೆದ ತನ್ನ ತಾಯಿಯನ್ನೇ ಎರಡು ವರ್ಷ ಮನೆಯಲ್ಲಿ ನೋಡಿಕೊಂಡ ಏಡ್, ಮಾಡಿದ್ದು ಅದೇ ಕೆಲಸವಾದರೂ, ಕಾನೂನಿನ ಕಣ್ಣಿನಲ್ಲಿ ಕೆಲಸ ಬಿಟ್ಟವಳು. ಹಿಂಸೆಯ ನಮೂದು ಇದ್ದರೆ ಮಾತ್ರ ಹೆಸರು ಅಳಿಯುವುದಿಲ್ಲ, ಅದು ಶಾಶ್ವತ. ತೀರ್ಮಾನವೇ ತಪ್ಪಾಗಿತ್ತೆಂದು ಗೊತ್ತಾಗಬೇಕು, ನ್ಯಾಯಾಲಯ ನಿರ್ದೋಷಿ ಎನ್ನಬೇಕು, ಇಲ್ಲವೇ ಆಕೆ ಸಾಯಬೇಕು. 1997ರ ತಿದ್ದುಪಡಿಯೊಂದು ಸಣ್ಣ ಕಿಂಡಿ ತೆರೆಯಿತು: ಒಂದೇ ಒಂದು ಸಲದ ನಿರ್ಲಕ್ಷ್ಯವಾಗಿದ್ದರೆ, ಅದು ಆಕೆಯ ನಡತೆಯ ರೂಢಿಯಲ್ಲವೆಂದು ಕಂಡರೆ, ಒಂದು ವರ್ಷದ ನಂತರ ಹೆಸರು ತೆಗೆಯುವಂತೆ ಅರ್ಜಿ ಹಾಕಬಹುದು.

ಹಿಂಸಿಸಿದವರನ್ನು ಮತ್ತೆ ವೃದ್ಧರ ಬಳಿ ಬಿಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆ ಕಾಲಂ ಬೇಕು. ಅದರಲ್ಲಿ ನ್ಯಾಯದ ಕಾಳಜಿಯೂ ಇದೆ: ನಮೂದಿಸುವ ಮುನ್ನ ವಿಚಾರಣೆಗೆ ಅವಕಾಶ ಕೊಡಬೇಕು, ಏಡ್ ಅದನ್ನು ಒಪ್ಪದೆ ತನ್ನ ಹೇಳಿಕೆ ಕೊಟ್ಟರೆ ಅದನ್ನೂ ಜೊತೆಯಲ್ಲೇ ಇಡಬೇಕು. ನನ್ನ ತಕರಾರು ಇರುವುದು ಬೇರೆ ಕಡೆ. ಹೊರಗಿಡಬೇಕಾದ ಕೆಲವರಿಗಾಗಿ ಕಟ್ಟಿದ ಈ ಪುಸ್ತಕದಲ್ಲಿ, ಒಳಗಿರುವ ಲಕ್ಷಾಂತರ ಜನ ವರ್ಷವರ್ಷವೂ ಕಲಿಯುವುದಕ್ಕೆ ಜಾಗವೇ ಇಲ್ಲ. ಪ್ರತಿ ಏಡ್‌ಗೂ ವರ್ಷಕ್ಕೆ ಕನಿಷ್ಠ 12 ಗಂಟೆ ಮುಂದುವರಿದ ತರಬೇತಿ ಕೊಡಬೇಕೆಂದು ಇದೇ ಫೆಡರಲ್ ನಿಯಮಗಳು ಹೇಳುತ್ತವೆ. ಮರೆವಿನ ಕಾಯಿಲೆಯವರನ್ನು ಸಂಭಾಳಿಸುವುದು, ಸೋಂಕು ತಡೆಯುವುದು, ಹೀಗೆ. ಆದರೆ ರಿಜಿಸ್ಟ್ರಿಯಲ್ಲಿ ಇರಲೇಬೇಕಾದ ವಿವರಗಳ ಪಟ್ಟಿಯಲ್ಲಿ ಈ ಗಂಟೆಗಳು ಬರುವುದಿಲ್ಲ. ಅವು ಉಳಿಯುವುದು ಮಾಲೀಕರ ಕಡತದಲ್ಲಿ. ಕೆಲಸ ಬದಲಿಸಿದರೆ ಹತ್ತು ವರ್ಷದ ಕಲಿಕೆ ಹಳೆಯ ಮಾಲೀಕನ ಬಳಿಯೇ ಉಳಿದು, ಹೊಸ ಬಾಗಿಲಲ್ಲಿ ಆಕೆ ಮತ್ತೆ ಹೊಸಬಳು. ಕೆಲಸ ಬಿಡುವವರೂ ಬದಲಿಸುವವರೂ ವಿಪರೀತ ಇರುವ ಕ್ಷೇತ್ರವಿದು. ಹಾಗಾಗಿ ಅದೇ ಜನರಿಗೆ ಅದೇ ಪಾಠವನ್ನು ಮತ್ತೆ ಮತ್ತೆ ಹೇಳಿಕೊಡಲು ಎಷ್ಟು ಹಣ ಹರಿಯುತ್ತಿರಬಹುದು ಎಂದು ಊಹಿಸಿಕೊಳ್ಳಿ.

ಇನ್ನು, ರಿಜಿಸ್ಟ್ರಿ ಎಂದರೆ ಒಂದಲ್ಲ, ರಾಜ್ಯಕ್ಕೊಂದು. ಟೆಕ್ಸಸ್‌ನಿಂದ ಮೇನ್‌ಗೆ ಬಂದ ಏಡ್ ಅರ್ಹತೆಯ ವರ್ಗಾವಣೆಗೆ ಅರ್ಜಿ ಹಾಕಬೇಕು. ಟೆಕ್ಸಸ್‌ನಲ್ಲಿ ತರಬೇತಿ 100 ಗಂಟೆ, ಮೇನ್‌ನಲ್ಲಿ 180. ಅವಗುಣದ ಕಾಲಂಗೂ ಇದೇ ಗತಿ. ಮಾಲೀಕರು ತಮ್ಮ ರಾಜ್ಯದ್ದಷ್ಟೇ ಅಲ್ಲದೆ, ಈಕೆಯ ಬಗ್ಗೆ ಮಾಹಿತಿ ಇರಬಹುದೆಂದು ತಮಗೆ ಅನ್ನಿಸಿದ ಎಲ್ಲ ರಾಜ್ಯಗಳ ರಿಜಿಸ್ಟ್ರಿಯನ್ನೂ ವಿಚಾರಿಸಬೇಕು ಎಂದು ನಿಯಮ ಹೇಳುತ್ತದೆ. ಅನ್ನಿಸಬೇಕಾದರೆ ಆಕೆ ಎಲ್ಲೆಲ್ಲಿ ದುಡಿದಿದ್ದಳೆಂದು ಗೊತ್ತಿರಬೇಕು. ಅದನ್ನು ಹೇಳುವವಳು ಆಕೆಯೇ. ಮುಚ್ಚಿಡಲು ಕಾರಣ ಇದ್ದವರು ಹೇಳುತ್ತಾರೆಯೇ?

ಕೊರೊನಾ ಕಾಲದಲ್ಲಿ ಈ ವ್ಯವಸ್ಥೆಯ ಹೊಲಿಗೆ ಬಿಚ್ಚಿಕೊಂಡಿತು. 2020ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕಾರ 75 ಗಂಟೆಯ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಿತು. ನರ್ಸಿಂಗ್ ಹೋಮ್‌ಗಳ ರಾಷ್ಟ್ರೀಯ ಸಂಘ ಎಂಟು ಗಂಟೆಯ ಉಚಿತ ಆನ್‌ಲೈನ್ ಪಾಠ ರೂಪಿಸಿತು. ಹೋಟೆಲು, ಅಂಗಡಿಗಳಲ್ಲಿ ಕೆಲಸ ಕಳೆದುಕೊಂಡವರು ಕೂಡ ತಾತ್ಕಾಲಿಕ ಏಡ್‌ಗಳಾಗಿ ಸೇರಿಕೊಂಡರು. 2022ರಲ್ಲಿ ಸಡಿಲಿಕೆ ಮುಗಿದಾಗ ಪ್ರಶ್ನೆ ಎದುರಾಯಿತು: ಸಾವಿನ ನಡುವೆ ಎರಡು ವರ್ಷ ದುಡಿದದ್ದನ್ನು ತರಬೇತಿಯ ಗಂಟೆಗಳೆಂದು ಎಣಿಸಬಹುದೇ? ರಾಜ್ಯಗಳು ಒಂದೊಂದು ಉತ್ತರ ಕೊಟ್ಟವು.

ಇದೆಲ್ಲ ರಿಜಿಸ್ಟ್ರಿ ಇರುವವರ ಕಥೆ. ಮನೆಗೆ ಬರುವವರದ್ದು ಇನ್ನೂ ಚದುರಿದ ಲೋಕ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಮಾನ್ಯತೆ ಪಡೆದ ಏಜೆನ್ಸಿಗಳ ಹೋಮ್ ಹೆಲ್ತ್ ಏಡ್‌ಗೂ 75 ಗಂಟೆ ಬೇಕೆಂದು ಫೆಡರಲ್ ನಿಯಮವಿದೆ, ಆದರೆ ರಿಜಿಸ್ಟ್ರಿ ಕಡ್ಡಾಯವಲ್ಲ. ಪರ್ಸನಲ್ ಕೇರ್ ಏಡ್‌ಗಂತೂ ಫೆಡರಲ್ ಮಟ್ಟದಲ್ಲಿ ಇಷ್ಟು ಗಂಟೆ ಎಂಬ ಗೆರೆಯೇ ಇಲ್ಲ. ಬೇಕಾದರೆ ರಾಜ್ಯಗಳೇ ಮಾಡಿಕೊಳ್ಳಬೇಕು. ಕೆಲವು ಮಾಡಿಕೊಂಡವು, ಒಂದೊಂದೂ ತನ್ನದೇ ಆದ ಪೆಟ್ಟು ತಿಂದ ಮೇಲೆ.

ನ್ಯೂಯಾರ್ಕ್ ತಿಂದ ಪೆಟ್ಟು ನಕಲಿ ಪ್ರಮಾಣಪತ್ರದ್ದು. ಆಗಿನ ಅಟಾರ್ನಿ ಜನರಲ್ ಆಂಡ್ರ್ಯೂ ಕ್ವೊಮೊ ಅವರ ಕಚೇರಿ ನಡೆಸಿದ ತನಿಖೆಯಲ್ಲಿ, ಕೆಲವು ತರಬೇತಿ ಶಾಲೆಗಳು ಪಾಠವನ್ನೇ ಮಾಡದೆ ದುಡ್ಡಿಗೆ ಪ್ರಮಾಣಪತ್ರ ಮಾರುತ್ತಿದ್ದದ್ದು ಬಯಲಾಯಿತು. ಆ ಕಾಗದ ಹಿಡಿದವರು ರೋಗಿಗಳ ಮನೆಗೆ ಹೋಗುತ್ತಿದ್ದರು, ಬಿಲ್ಲು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ಗೆ ಹೋಗುತ್ತಿತ್ತು. 2009ರಲ್ಲಿ ರಾಜ್ಯ ಹೋಮ್ ಕೇರ್ ಕೆಲಸಗಾರರ ರಿಜಿಸ್ಟ್ರಿ ಆರಂಭಿಸಿತು. ಇದರಲ್ಲಿ ತರಬೇತಿಯ ವಿವರ ತುಂಬುವುದು ಕಲಿತವಳಲ್ಲ, ಕಲಿಸಿದ ಮಾನ್ಯತೆ ಪಡೆದ ಸಂಸ್ಥೆ. ಯಾರು ಪ್ರಮಾಣಪತ್ರ ಕೊಟ್ಟರೋ ಅವರ ಹೆಸರೂ ದಾಖಲೆಗೆ ಅಂಟಿಕೊಳ್ಳುತ್ತದೆ. ಏಜೆನ್ಸಿಗಳು ಕೆಲಸ ಕೊಡುವ ಮುನ್ನ ಅದನ್ನು ತೆರೆದು ನೋಡಬೇಕು; ಆಕೆ ಸೇರಿದ್ದನ್ನೂ ಬಿಟ್ಟದ್ದನ್ನೂ ನಮೂದಿಸಬೇಕು. ಕಾಗದ ನಂಬಬೇಡಿ, ಪಟ್ಟಿ ನೋಡಿ ಎಂಬುದು ಇದರ ಸೂತ್ರ. ವಂಚನೆ ಆಗುತ್ತಿದ್ದ ಜಾಗಕ್ಕೇ ಬೀಗ ಹಾಕಿದ ಈ ಕ್ರಮ ನನಗೆ ಜಾಣತನದ್ದಾಗಿ ಕಾಣುತ್ತದೆ.

ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ 2016ರ ಜನವರಿಯಿಂದ ಹೋಮ್ ಕೇರ್ ಏಡ್‌ಗಳ ರಿಜಿಸ್ಟ್ರಿ ಜಾರಿಗೆ ತಂದಿತು. ಅಲ್ಲಿ ಒತ್ತು ಹಿನ್ನೆಲೆ ಪರಿಶೀಲನೆಯ ಮೇಲೆ: ಬೆರಳಚ್ಚು ಕೊಡಬೇಕು, ಅಪರಾಧದ ಇತಿಹಾಸ ಇದೆಯೇ ಎಂದು ನೋಡುತ್ತಾರೆ. ಅಪ್ಪ ಅಮ್ಮನಿಗೆ ಆಳು ಹುಡುಕುತ್ತಿರುವ ಮಕ್ಕಳು, ಅಂದರೆ ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ಇರುವ ನಮ್ಮ ಕನ್ನಡದ ಸಂಸಾರಗಳೂ ಸೇರಿ, ಅಂತರ್ಜಾಲದಲ್ಲಿ ನೋಂದಣಿ ಊರ್ಜಿತದಲ್ಲಿದೆಯೇ ಎಂದು ತಾವೇ ನೋಡಬಹುದು. ಆದರೆ ನೋಂದಣಿ ಕಡ್ಡಾಯವಿರುವುದು ಏಜೆನ್ಸಿಯ ಮೂಲಕ ಬರುವವರಿಗೆ. ಪರಿಚಯದವರ ಮೂಲಕ ನೇರವಾಗಿ ಗೊತ್ತುಮಾಡಿಕೊಂಡವರು ಇಷ್ಟವಿದ್ದರೆ ನೋಂದಾಯಿಸಿಕೊಳ್ಳಬಹುದು. ಸರ್ಕಾರದ ಹಣದಲ್ಲೇ ನಡೆಯುವ ಮನೆ ಆರೈಕೆ ಯೋಜನೆಯ ಐದು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಈ ರಿಜಿಸ್ಟ್ರಿಯ ಹೊರಗೇ ಇದ್ದಾರೆ. ಅವರಲ್ಲಿ ಬಹಳಷ್ಟು ಜನ ತಮ್ಮ ಮನೆಯವರನ್ನೇ ನೋಡಿಕೊಳ್ಳುವವರು.

ಇಲ್ಲಿ ನಿಜಕ್ಕೂ ಕಠಿಣವಾದ ಪ್ರಶ್ನೆಯೊಂದು ಅಡಗಿದೆ. ತಾಯಿಯನ್ನು ನೋಡಿಕೊಳ್ಳಲು ಸರ್ಕಾರದಿಂದ ಗಂಟೆಗಿಷ್ಟು ಎಂದು ಪಡೆಯುವ ಮಗಳು ರಿಜಿಸ್ಟ್ರಿಯಲ್ಲಿ ಇರಬೇಕೇ? ಅಂಗವಿಕಲರ ಚಳವಳಿಯವರು ಬಹುಕಾಲದಿಂದ ಹೇಳುತ್ತಿರುವುದು ಇದು: ನನ್ನ ಮೈ ತೊಳೆಯುವವರು ಯಾರೆಂದು ಆರಿಸುವ ಹಕ್ಕು ನನ್ನದು, ಹೇಗೆ ತೊಳೆಯಬೇಕೆಂದು ಕಲಿಸುವವನೂ ನಾನೇ, ಸರ್ಕಾರದ ಪ್ರಮಾಣಪತ್ರ ನಡುವೆ ಬರುವುದು ಬೇಡ. ವಾಷಿಂಗ್ಟನ್ ರಾಜ್ಯ ಇದಕ್ಕೊಂದು ನಡುದಾರಿ ಹುಡುಕಿತು. 2011ರ ಜನಮತದ ಮೂಲಕ ಹೋಮ್ ಕೇರ್ ಏಡ್‌ಗಳಿಗೆ 75 ಗಂಟೆಯ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯ ಮಾಡಿದ ಆ ರಾಜ್ಯ, ತಂದೆತಾಯಿಯನ್ನೋ ಮಕ್ಕಳನ್ನೋ ನೋಡಿಕೊಳ್ಳುವವರಿಗೆ ಕಡಿಮೆ ಗಂಟೆ ಸಾಕೆಂದಿತು.

ಅರಿಜೋನಾದ ಪ್ರಯೋಗ ಅಷ್ಟಾಗಿ ಸುದ್ದಿಯಾಗಲಿಲ್ಲ, ಆದರೆ ನನಗೆ ಇಷ್ಟವಾದದ್ದು ಅದೇ. ಅಲ್ಲಿನ ಮೆಡಿಕೇಡ್ ಸಂಸ್ಥೆ ಗಂಟೆ ಎಣಿಸುವುದಕ್ಕಿಂತ ಬರವಣಿಗೆಯ ಪರೀಕ್ಷೆಗೂ ಮಾಡಿ ತೋರಿಸುವ ಪರೀಕ್ಷೆಗೂ ಬೆಲೆ ಕೊಟ್ಟಿತು. 2012ರಿಂದ ಆ ಫಲಿತಾಂಶಗಳನ್ನು ಒಂದು ಆನ್‌ಲೈನ್ ದಾಖಲೆಯಲ್ಲಿ ಇಡತೊಡಗಿತು. ಎಲ್ಲರಿಗೂ ಬೇಕಾದ ಬುನಾದಿ ಭಾಗ ಒಂದು; ಅದರ ಮೇಲೆ ವೃದ್ಧರು ಹಾಗೂ ದೈಹಿಕ ಅಂಗವೈಕಲ್ಯವುಳ್ಳವರ ಆರೈಕೆ, ಬೆಳವಣಿಗೆಯ ತೊಡಕುಳ್ಳವರ ಆರೈಕೆ ಎಂಬ ಬೇರೆ ಬೇರೆ ಭಾಗಗಳು. ಏಜೆನ್ಸಿ ಬದಲಿಸಿದರೆ ಹೊಸಬರು ದಾಖಲೆ ತೆರೆದು ನೋಡಿ, ಪಾಸಾದ ಭಾಗವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಪುಸ್ತಕ ಕಾವಲಿಗೆ ಮಾತ್ರವಲ್ಲ, ಕಲಿಕೆಯನ್ನು ಹೊತ್ತೊಯ್ಯುವುದಕ್ಕೂ ಆಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಪಟ್ಟಿ ಎಂದರೆ ಅಧಿಕಾರವೂ ಹೌದು. ಕಾರ್ಖಾನೆಯ ಗೇಟಿನಲ್ಲಿ ನಿಂತರೆ ಕಾರ್ಮಿಕರೆಲ್ಲ ಸಿಗುತ್ತಾರೆ; ಒಬ್ಬೊಬ್ಬರು ಒಂದೊಂದು ಮನೆಯೊಳಗೆ ದುಡಿಯುವ ಏಡ್‌ಗಳನ್ನು ಎಲ್ಲಿ ಹುಡುಕುವುದು? ಇಂಥವರನ್ನು ಒಟ್ಟಾಗಿ ಕಾಣಿಸುವ ಜಾಗ ರಿಜಿಸ್ಟ್ರಿಯೊಂದೇ. ಅದಕ್ಕೇ ಕಾರ್ಮಿಕ ಸಂಘಗಳ ಕಣ್ಣೂ ಅವುಗಳ ವಿರೋಧಿಗಳ ಕಣ್ಣೂ ಅದರ ಮೇಲೆ. ಕ್ಯಾಲಿಫೋರ್ನಿಯಾ 2018ರಲ್ಲಿ ಇನ್ನೊಂದು ಕಾನೂನು ಮಾಡಿ, ನೋಂದಾಯಿತ ಏಡ್‌ಗಳ ಸಂಪರ್ಕ ವಿವರವನ್ನು ಕಾರ್ಮಿಕ ಸಂಘಗಳಿಗೆ ಕೊಡಬಹುದೆಂದಿತು, ಬೇಡವೆಂದವರು ಹೊರಗುಳಿಯಬಹುದು. ವಾಷಿಂಗ್ಟನ್‌ನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಇಲಿನಾಯ್ ರಾಜ್ಯದ ಪ್ರಕರಣವೊಂದರಲ್ಲಿ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸದಸ್ಯರಲ್ಲದ ಮನೆ ಆರೈಕೆ ಕೆಲಸಗಾರರಿಂದ ಸಂಘ ಕಡ್ಡಾಯ ಶುಲ್ಕ ಪಡೆಯುವಂತಿಲ್ಲ ಎಂದಿತ್ತು. ಅದನ್ನು ಕೆಲಸಗಾರರಿಗೆ ತಿಳಿಸಿ ಸಂಘದಿಂದ ಬಿಡಿಸಲು ಹೊರಟ ಗುಂಪೊಂದು ಸರ್ಕಾರದಿಂದ ಹೆಸರುಗಳ ಪಟ್ಟಿ ಕೇಳಿತು. ಸಂಘದ ಬೆಂಬಲದಿಂದ 2016ರಲ್ಲಿ ನಡೆದ ಜನಮತ ಆ ವಿವರಗಳನ್ನು ಗೋಪ್ಯವಾಗಿಸಿತು. ಒಂದು ಕಡೆ ಸಂಘ ಪಟ್ಟಿ ತೆರೆಯಿರಿ ಎಂದರೆ ಇನ್ನೊಂದು ಕಡೆ ಮುಚ್ಚಿರಿ ಎಂದಿತು. ಆದ್ದರಿಂದ ಕೇಂದ್ರೀಯ ರಿಜಿಸ್ಟ್ರಿ ಬೇಕೆನ್ನುವವರು, ಅದರ ಯಾವ ಪುಟವನ್ನು ಯಾರು ತೆರೆಯಬಹುದು ಎಂಬುದನ್ನು ಮೊದಲೇ ಬರೆದಿಡಬೇಕಾಗುತ್ತದೆ. ರೋಗಿಯ ಮನೆಯವರಿಗೆ ಅರ್ಹತೆ ಕಾಣಲಿ, ಮನೆ ವಿಳಾಸ ಬೇಡ. ಗಂಡನ ಹೊಡೆತದಿಂದ ತಪ್ಪಿಸಿಕೊಂಡು ಬೇರೆ ಊರಿನಲ್ಲಿ ದುಡಿಯುತ್ತಿರುವ ಹೆಂಗಸಿಗೆ ಇದು ಪ್ರಾಣದ ಪ್ರಶ್ನೆ.

ತೀರ ಸಣ್ಣದೆಂದು ಕಾಣುವ ಹೆಸರಿನ ತೊಂದರೆಯೂ ಇದೆ. ಹೆಸರಿನ ಮುಂದೆ ಇನಿಷಿಯಲ್ ಹಾಕಿಕೊಂಡು ಬೆಳೆದ ನಮಗೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಮನೆತನದ ಹೆಸರಾಗಿಬಿಡುವುದು ಹೊಸದಲ್ಲ. ಮದುವೆಯಾಗಿ ಹೆಸರು ಬದಲಿಸಿದವರು, ಎರಡು ಮನೆತನದ ಹೆಸರಿರುವ ಲ್ಯಾಟಿನ್ ಅಮೆರಿಕದವರು, ಒಂದೇ ಹೆಸರಿನವರು, ಇವರೆಲ್ಲ ಇರುವ ಕ್ಷೇತ್ರದಲ್ಲಿ ಹೆಸರು ನೋಡಿ ದಾಖಲೆ ಹೊಂದಿಸಿದರೆ ಒಬ್ಬಳ ಅಪರಾಧ ಇನ್ನೊಬ್ಬಳ ತಲೆಗೆ ಬರುತ್ತದೆ. ಅದಕ್ಕೇ ಆಯುಷ್ಯವಿಡೀ ಬದಲಾಗದ ನೋಂದಣಿ ಸಂಖ್ಯೆ ಬೇಕು.

ಬ್ರಿಟನ್ ನೋಡಿದರೆ ರಿಜಿಸ್ಟ್ರಿ ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಆರೈಕೆ ಕೆಲಸಗಾರರ ನೋಂದಣಿ ಇದೆ. ವೇಲ್ಸ್‌ನಲ್ಲಿ ಮನೆಗೆ ಹೋಗಿ ದುಡಿಯುವವರಿಗೆ 2020ರ ಏಪ್ರಿಲ್‌ನಿಂದ ಕಡ್ಡಾಯ. ಇಂಗ್ಲೆಂಡಿನಲ್ಲಿ ಇಲ್ಲ. ಅಲ್ಲಿ 2015ರಲ್ಲಿ 15 ಅಂಶಗಳ ‘ಕೇರ್ ಸರ್ಟಿಫಿಕೇಟ್’ ತಂದರು. ಒಮ್ಮೆ ಕಲಿತರೆ ಎಲ್ಲೆಡೆ ನಡೆಯಬೇಕೆಂಬುದು ಆಶಯ. ಆದರೆ ಅದನ್ನು ಕೊಡುವವರು ಆಯಾ ಮಾಲೀಕರೇ ಆದ್ದರಿಂದ ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ನಂಬದೆ, ಕೆಲಸ ಬದಲಿಸಿದವರು ಅದನ್ನೇ ಮತ್ತೆ ಮಾಡಬೇಕಾಯಿತು. ಕೊನೆಗೆ 2024ರಲ್ಲಿ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಗಳು ಕೊಡುವ ಪ್ರತ್ಯೇಕ ಅರ್ಹತೆಯನ್ನು ರೂಪಿಸಬೇಕಾಯಿತು. ಭಾರತದಿಂದ ಆರೈಕೆ ಕೆಲಸದ ವೀಸಾದಲ್ಲಿ ಅಲ್ಲಿಗೆ ಹೋದವರಿಗೆ ಇದು ಬರೀ ಕಾಗದದ ವಿಷಯವಲ್ಲ. ವೀಸಾ ಒಬ್ಬ ಮಾಲೀಕನಿಗೆ ಕಟ್ಟಿದೆ, ಕಲಿಕೆಯ ಸಾಕ್ಷಿಯೂ ಅವನ ಕೈಯಲ್ಲೇ ಇದ್ದರೆ ಬಿಟ್ಟು ಹೋಗುವ ಧೈರ್ಯ ಎಲ್ಲಿಂದ ಬರಬೇಕು?

ನಮ್ಮಲ್ಲಿ? ನೋಂದಾಯಿತ ನರ್ಸ್‌ಗಳಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲ್ ಇದೆ, ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ದೇಶಮಟ್ಟದ ದಾಖಲೆಯೂ ಗುರುತಿನ ಸಂಖ್ಯೆಯೂ ಇವೆ. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಲ್ಯಾಬ್ ತಂತ್ರಜ್ಞರು, ಫಿಸಿಯೋಥೆರಪಿಯವರು ಮುಂತಾದವರಿಗೆ ಕೇಂದ್ರ ಮತ್ತು ರಾಜ್ಯ ನೋಂದಣಿ ಪುಸ್ತಕಗಳನ್ನು ಏರ್ಪಡಿಸಿತು. ಅದರೊಳಗೆ ಬರಲು ಕನಿಷ್ಠ 2,000 ಗಂಟೆಗಳ ಓದು ಬೇಕು. ಕೌಶಲ ಯೋಜನೆಗಳಡಿ ಕೆಲವೇ ತಿಂಗಳಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಎಂದು ತರಬೇತಾದವರು ಆ ಹೊಸ್ತಿಲು ದಾಟುವುದಿಲ್ಲ. ಯಾವ ತರಬೇತಿಯೂ ಇಲ್ಲದೆ ಬ್ಯೂರೋಗಳ ಮೂಲಕ ಮನೆಗಳಿಗೆ ಬರುವ ‘ಹೋಮ್ ನರ್ಸ್’ಗಳ ಮಾತು ಕೇಳುವುದೇ ಬೇಡ, ಮನೆಯವರು ಆಧಾರ್ ಕಾರ್ಡಿನ ನಕಲು ಇಟ್ಟುಕೊಂಡು ಪರಿಶೀಲನೆ ಮುಗಿಯಿತು ಎಂದುಕೊಳ್ಳುತ್ತಾರೆ. ಆಕೆ ಹಿಂದಿನ ಮನೆಯಲ್ಲಿ ಮೂಗಿನ ನಳಿಕೆಯಿಂದ ಆಹಾರ ಕೊಡುವುದನ್ನು ಕಲಿತಿದ್ದಾಳೆಯೇ, ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳಬಲ್ಲಳೇ ಎಂಬುದು ಎಲ್ಲೂ ಬರೆದಿರುವುದಿಲ್ಲ. ಗೊತ್ತಿರುವವಳಿಗೂ ಗೊತ್ತಿಲ್ಲದವಳಿಗೂ ಬ್ಯೂರೋ ಕೊಡುವ ಸಂಬಳ ಒಂದೇ ಆಗಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯೂ ಇಂಥ ಪುಸ್ತಕ ಬರುವುದಾದರೆ, ಅರ್ಜಿಯ ನಮೂನೆ ಅಚ್ಚಾಗುವ ಮುನ್ನ ಇತ್ಯರ್ಥವಾಗಬೇಕಾದದ್ದು ಕೆಲವು ಇವೆ. ವಿವರ ತುಂಬುವವರು ಕಲಿಸಿದವರೋ ಬ್ಯೂರೋದವರೋ? ತಪ್ಪು ನಮೂದಾದರೆ ಆಕೆ ಯಾರ ಬಳಿ ಹೋಗಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು? ಹೆಚ್ಚು ಕಲಿತದ್ದಕ್ಕೆ ಕೂಲಿ ಎಷ್ಟು ಹೆಚ್ಚುತ್ತದೆ? ನೋಂದಣಿಯ ಖರ್ಚು ಯಾರದ್ದು? ಕೊನೆಯದಕ್ಕೆ ಅಮೆರಿಕದ ಹಳೆಯ ನಿಯಮದಲ್ಲೇ ಉತ್ತರವಿದೆ: ರಿಜಿಸ್ಟ್ರಿಯಲ್ಲಿ ಹೆಸರಿಡಲು ನರ್ಸ್ ಏಡ್‌ನಿಂದ ರಾಜ್ಯ ಯಾವ ಶುಲ್ಕವನ್ನೂ ಪಡೆಯುವಂತಿಲ್ಲ. ಐದು ಗಂಟೆ ಕಲಿತು ಮನೆ ಆರೈಕೆಗೆ ಬರುವ ಕ್ಯಾಲಿಫೋರ್ನಿಯಾದ ಏಡ್‌ಗೆ ಆ ರಕ್ಷಣೆ ಇಲ್ಲ. ಆಕೆಯ ಅರ್ಜಿಗೆ ಶುಲ್ಕವಿದೆ.